ಮುಧೋಳದ ನಾಯಿ: ಬೆದೆ, ಸೂಲು ಮತ್ತು ವಂಶಾವಳಿಯ ಲೆಕ್ಕ

ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರನ್ನು ಹೊತ್ತ ಬೇಟೆನಾಯಿಗೆ ಕಳೆದ ಎರಡು ದಶಕಗಳಲ್ಲಿ ಸಿಕ್ಕಷ್ಟು ಹೆಸರು ಕರ್ನಾಟಕದ ಬೇರೆ ಯಾವ ಸಾಕುಪ್ರಾಣಿಗೂ ಸಿಕ್ಕಿದಂತಿಲ್ಲ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹಿಮಾಲಯದ ಕುರಿನಾಯಿ, ರಾಂಪುರ ಮತ್ತು ರಾಜಪಾಳಯಂ ನಾಯಿಗಳ ಜೊತೆಗೆ ಇದರ ಚಿತ್ರವಿರುವ ಅಂಚೆಚೀಟಿಯನ್ನೂ ಹೊರತಂದಿತು. 2016ರಲ್ಲಿ ಭಾರತೀಯ ಸೇನೆ ಈ ತಳಿಯ ಮರಿಗಳನ್ನು ಮೀರತ್‌ನ ತನ್ನ ತರಬೇತಿ ಕೇಂದ್ರಕ್ಕೆ ಕರೆಸಿಕೊಂಡಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಲ್ಲಿ ದೇಶಿ ನಾಯಿಗಳ ಪ್ರಸ್ತಾಪ ಬಂದಾಗ ಮುಧೋಳದ ಹೆಸರೂ ಕೇಳಿಬಂತು. ಇಂಥ ಒಂದೊಂದು ಸುದ್ದಿಯ ಬೆನ್ನಿಗೂ ಮರಿಗಳನ್ನು ಕೇಳಿಕೊಂಡು ಬರುವವರ ಸಂಖ್ಯೆ ಏರುತ್ತದೆ, ಬೆಲೆಯೂ ಏರುತ್ತದೆ, ಮತ್ತು ಆ ಬೆಲೆಯ ಭಾರವನ್ನು ಕೊನೆಗೆ ಹೊರಬೇಕಾದದ್ದು ಹೆಣ್ಣು ನಾಯಿಯ ಗರ್ಭಕೋಶ. ಉಪೇಕ್ಷೆಯಿಂದ ಸೊರಗಿದ ತಳಿಗಳು ಹಲವು ಇವೆ, ನಿಜ; ಆದರೆ ಸಣ್ಣ ಸಂಖ್ಯೆಯಲ್ಲಿ ಉಳಿದಿರುವ ತಳಿಯೊಂದಕ್ಕೆ ಉಪೇಕ್ಷೆಗಿಂತಲೂ ಬೇಗ ಪೆಟ್ಟು ಕೊಡಬಲ್ಲದ್ದು ದಿಢೀರನೆ ಹುಟ್ಟಿದ ಬೇಡಿಕೆ ಎಂಬುದನ್ನು ಪ್ರಪಂಚದ ಅನೇಕ ನಾಯಿತಳಿಗಳ ಚರಿತ್ರೆ ತೋರಿಸಿಕೊಟ್ಟಿದೆ.

ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ನಾಯಿಗಳಿಗೆ ಆಶ್ರಯ ಕೊಟ್ಟು ಬೆಳೆಸಿದರೆಂಬುದೂ, ಮಾಲೋಜಿರಾವ್ ಘೋರ್ಪಡೆಯವರು ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂಬುದೂ ಆ ಭಾಗದಲ್ಲಿ ಮನೆಮಾತು. ಉದ್ದನೆಯ ಕಿರಿದಾದ ಮುಖ, ಇಳಿದ ಎದೆ, ಒಳಸೇರಿದ ಹೊಟ್ಟೆ, ಕೊಬ್ಬಿಲ್ಲದ ಮೈ, ದೂರದಲ್ಲಿ ಅಲುಗಾಡುವ ಮೊಲವನ್ನು ಮೂಗಿಗಿಂತ ಮೊದಲು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟುವ ಗುಣ ಇವೆಲ್ಲ ಸೇರಿ ಇದನ್ನು ‘ನೋಟದ ಬೇಟೆನಾಯಿ’ ಎಂಬ ಗುಂಪಿಗೆ ಸೇರಿಸುತ್ತವೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ನಡೆಯುತ್ತಿದ್ದು, ಸುತ್ತಲಿನ ಹಳ್ಳಿಗಳ ಅನೇಕ ಕುಟುಂಬಗಳು ಮನೆಯಲ್ಲೇ ನಾಯಿ ಸಾಕಿ ಮರಿ ಮಾರುವುದನ್ನು ಉಪಕಸುಬಾಗಿ ನಡೆಸಿಕೊಂಡು ಬಂದಿವೆ. ಈ ಕಸುಬಿನಲ್ಲಿ ತಪ್ಪೇನೂ ಇಲ್ಲ. ಹಾಗೆ ನೋಡಿದರೆ ತಳಿ ಇಂದಿಗೂ ಉಳಿದಿರುವುದು ಈ ಮನೆಗಳಿಂದಲೇ. ಪ್ರಶ್ನೆ ಇರುವುದು ಯಾವ ಹೆಣ್ಣನ್ನು, ಯಾವ ಗಂಡಿನ ಜೊತೆ, ಯಾವ ವಯಸ್ಸಿನಲ್ಲಿ, ಎಷ್ಟು ಸಲ ಕೂಡಿಸಬೇಕು ಎಂಬಲ್ಲಿ, ಮತ್ತು ಅದಕ್ಕಿಂತ ಮುಖ್ಯವಾಗಿ ಯಾವ ನಾಯಿಯನ್ನು ಕೂಡಿಸಲೇಬಾರದು ಎಂಬಲ್ಲಿ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮೊದಲು ನಾಯಿಯ ದೇಹದ ಗಡಿಯಾರ ಹೇಗೆ ನಡೆಯುತ್ತದೆಂಬುದು ತಿಳಿದಿರಬೇಕು, ಏಕೆಂದರೆ ಅದು ಹಸು-ಎಮ್ಮೆಗಳ ಗಡಿಯಾರಕ್ಕಿಂತ ತೀರ ಬೇರೆ. ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬಂದರೆ, ಹೆಣ್ಣು ನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಮಾತ್ರ ಬರುತ್ತದೆ. ಕೆಲವು ನಾಯಿಗಳಲ್ಲಿ ಈ ಅಂತರ ನಾಲ್ಕು ತಿಂಗಳಿಗೆ ಇಳಿಯಬಹುದು, ಕೆಲವದರಲ್ಲಿ ವರ್ಷಕ್ಕೂ ಚಾಚಬಹುದು. ಬೆದೆ ಶುರುವಾದಾಗ ಮೊದಲು ಯೋನಿಯ ಹೊರತುಟಿಗಳು ಊದಿಕೊಂಡು ರಕ್ತಮಿಶ್ರಿತ ದ್ರವ ತೊಟ್ಟಿಕ್ಕುತ್ತದೆ. ಗಂಡು ನಾಯಿಗಳು ಬೇಲಿಯ ಆಚೆಯಿಂದಲೇ ವಾಸನೆ ಹಿಡಿದು ಬಂದು ಠಿಕಾಣಿ ಹೂಡುವುದು ಈ ಹಂತದಲ್ಲಿ, ಆದರೆ ಹೆಣ್ಣು ಅವನ್ನು ಹತ್ತಿರ ಸೇರಿಸುವುದಿಲ್ಲ. ಗುರುಗುಟ್ಟಿ ಓಡಿಸುತ್ತದೆ ಇಲ್ಲವೇ ಬಾಲ ಮುದುರಿ ಕುಳಿತುಬಿಡುತ್ತದೆ. ಸರಾಸರಿ ಒಂಬತ್ತು ದಿನ ನಡೆಯುವ ಈ ಹಂತಕ್ಕೆ ಪೂರ್ವಬೆದೆ ಎಂದು ಹೆಸರು. ಅನಂತರ ಸ್ರಾವದ ಕೆಂಪು ಮಾಸಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಊತ ಮೆತ್ತಗಾಗುತ್ತದೆ, ಸೊಂಟದ ಮೇಲೆ ಕೈಯಿಟ್ಟರೆ ನಾಯಿ ನಿಂತಲ್ಲೇ ನಿಂತು ಬಾಲವನ್ನು ಒಂದು ಪಕ್ಕಕ್ಕೆ ಸರಿಸುತ್ತದೆ. ಇದೇ ನಿಜವಾದ ಬೆದೆ. ಇದೂ ಸರಾಸರಿ ಒಂಬತ್ತು ದಿನವೇ. ಎರಡೂ ಹಂತಗಳು ಕೆಲವು ನಾಯಿಗಳಲ್ಲಿ ಮೂರೇ ದಿನಕ್ಕೆ ಮುಗಿಯಬಹುದು, ಇನ್ನು ಕೆಲವದರಲ್ಲಿ ಎರಡು ವಾರ ದಾಟಬಹುದು ಎಂಬ ಸಂಗತಿಯನ್ನು ‘ಹನ್ನೊಂದನೆಯ ದಿನ, ಹದಿಮೂರನೆಯ ದಿನ ಕ್ರಾಸ್ ಮಾಡಿಸಿದರೆ ಸಾಕು’ ಎಂಬ ರೂಢಿಯ ಸೂತ್ರ ಗಮನಕ್ಕೇ ತೆಗೆದುಕೊಳ್ಳುವುದಿಲ್ಲ. ಸರಾಸರಿ ನಾಯಿಗೆ ಹೊಂದುವ ಆ ಸೂತ್ರ ಎದುರಿಗೆ ನಿಂತಿರುವ ನಾಯಿಗೆ ಹೊಂದದೇ ಹೋದಾಗ, ಗರ್ಭ ನಿಲ್ಲಲಿಲ್ಲವೆಂದು ದೂರು ಹೊರುವುದು ಹೆಣ್ಣು ನಾಯಿ.

ಇನ್ನೊಂದು ವಿಶೇಷವೂ ಇದೆ. ಬಹುಪಾಲು ಸಸ್ತನಿಗಳಲ್ಲಿ ಅಂಡಾಶಯದಿಂದ ಹೊರಬೀಳುವ ಅಂಡ ಕೂಡಲೇ ಫಲಿತಗೊಳ್ಳಲು ಸಿದ್ಧವಾಗಿರುತ್ತದೆ, ನಾಯಿಯಲ್ಲಿ ಹಾಗಲ್ಲ. ನಾಯಿಯ ಅಂಡ ಹೊರಬಿದ್ದಾಗ ಇನ್ನೂ ಅಪಕ್ವವಾಗಿದ್ದು, ಅಂಡನಾಳದಲ್ಲಿ ಎರಡು ಮೂರು ದಿನ ಕಳೆದ ಮೇಲಷ್ಟೇ ಪಕ್ವವಾಗುತ್ತದೆ, ಆಮೇಲೆ ಮತ್ತೆರಡು ಮೂರು ದಿನ ಮಾತ್ರ ಫಲಿತಗೊಳ್ಳುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಗಂಡಿನ ವೀರ್ಯಾಣುಗಳಾದರೋ ಹೆಣ್ಣಿನ ಜನನಾಂಗದೊಳಗೆ ಐದಾರು ದಿನ ಜೀವಂತವಾಗಿರಬಲ್ಲವು. ಅಂದಾಜಿನ ಮೇಲೆ ಕೂಡಿಸಿದರೂ ಎಷ್ಟೋ ಸಲ ಮರಿಗಳಾಗುವುದು ವೀರ್ಯಾಣುಗಳ ಈ ತಾಳ್ಮೆಯಿಂದ. ಆದರೆ ಅಂದಾಜನ್ನು ನೆಚ್ಚಲಾರದ ಸಂದರ್ಭಗಳಲ್ಲಿ, ಉದಾಹರಣೆಗೆ ಗಂಡು ದೂರದ ಊರಿನಲ್ಲಿದ್ದಾಗ ಅಥವಾ ಹೆಣ್ಣು ಹಿಂದಿನ ಸಲ ಗಬ್ಬವಾಗದೆ ಉಳಿದಾಗ, ಪಶುವೈದ್ಯರು ರಕ್ತದಲ್ಲಿನ ಪ್ರೊಜೆಸ್ಟರಾನ್ ಹಾರ್ಮೋನಿನ ಮಟ್ಟವನ್ನು ಎರಡು ದಿನಗಳಿಗೊಮ್ಮೆ ಅಳೆಯುತ್ತಾರೆ. ಒಂದು ಮಿಲಿಲೀಟರಿಗೆ ಎರಡು ಮೂರು ನ್ಯಾನೊಗ್ರಾಮಿಗೆ ಏರಿದರೆ ಅಂಡ ಹೊರಬೀಳುವ ಸೂಚನೆ ಮೆದುಳಿನಿಂದ ಹೊರಟಿದೆಯೆಂದೂ, ಐದರಿಂದ ಎಂಟಕ್ಕೆ ಮುಟ್ಟಿದರೆ ಅಂಡ ಹೊರಬಿದ್ದಿದೆಯೆಂದೂ ತಿಳಿದು, ಅಲ್ಲಿಂದ ಎರಡು ದಿನ ಬಿಟ್ಟು ಕೂಡಿಸಲು ಹೇಳುತ್ತಾರೆ. ಯೋನಿಯ ಒಳಪದರದ ಕೋಶಗಳನ್ನು ಹತ್ತಿಯ ಕಡ್ಡಿಯಿಂದ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಇನ್ನೊಂದು ಪರೀಕ್ಷೆ ಅಗ್ಗದ್ದು, ಆದರೆ ಅದು ಬೆದೆಯ ಹಂತವನ್ನು ಹೇಳುತ್ತದೆಯೇ ಹೊರತು ಅಂಡ ಹೊರಬಿದ್ದ ದಿನವನ್ನು ಖಚಿತವಾಗಿ ಹೇಳುವುದಿಲ್ಲ.

ಸಂಯೋಗದ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ, ಆದರೆ ಹೇಳಲೇಬೇಕಾದದ್ದು ಒಂದಿದೆ. ಗಂಡು ಒಳಸೇರಿದ ಬಳಿಕ ಶಿಶ್ನದ ಬುಡದಲ್ಲಿರುವ ಒಂದು ಗಡ್ಡೆಯಂಥ ಭಾಗ ರಕ್ತ ತುಂಬಿ ಊದಿಕೊಳ್ಳುತ್ತದೆ, ಅದೇ ಹೊತ್ತಿಗೆ ಹೆಣ್ಣಿನ ಯೋನಿದ್ವಾರದ ಸ್ನಾಯುಗಳು ಬಿಗಿಯಾಗುತ್ತವೆ, ಹೀಗೆ ಎರಡೂ ಬಿಡಿಸಿಕೊಳ್ಳಲಾಗದಂತೆ ಸೇರಿಕೊಳ್ಳುತ್ತವೆ. ಜನ ಇದನ್ನು ‘ಲಾಕ್ ಆಗುವುದು’ ಎನ್ನುತ್ತಾರೆ. ಗಂಡು ಕೆಳಗಿಳಿದು ತಿರುಗಿ, ಎರಡೂ ಬೆನ್ನಿಗೆ ಬೆನ್ನು ಮಾಡಿ ನಿಲ್ಲುವ ಈ ಸ್ಥಿತಿ ಸಾಮಾನ್ಯವಾಗಿ ಹದಿನೈದಿಪ್ಪತ್ತು ನಿಮಿಷ, ಕೆಲವೊಮ್ಮೆ ಮುಕ್ಕಾಲು ಗಂಟೆಯವರೆಗೂ ಇರುತ್ತದೆ. ವೀರ್ಯಾಣುಗಳಿರುವ ದ್ರವ ಮೊದಲ ಕೆಲವೇ ನಿಮಿಷಗಳಲ್ಲಿ ಸೇರಿಬಿಟ್ಟಿರುತ್ತದೆ. ಉಳಿದ ಹೊತ್ತಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ತಿಳಿದ್ರವ ಹರಿದು ಅವನ್ನು ಗರ್ಭಕೋಶದ ಕಡೆಗೆ ತಳ್ಳುತ್ತದೆ. ಬೀದಿಯಲ್ಲಿ ಹೀಗೆ ಸಿಕ್ಕಿಕೊಂಡ ನಾಯಿಗಳಿಗೆ ಕಲ್ಲೆಸೆಯುವುದು, ಬಡಿಗೆಯಿಂದ ಬಡಿಯುವುದು, ಬಿಸಿನೀರು ಎರಚುವುದು ನಮ್ಮ ಊರುಕೇರಿಗಳಲ್ಲಿ ಹುಡುಗರ ಆಟದಂತೆ ನಡೆದುಬಂದಿದೆ. ಬಲವಂತದಿಂದ ಎಳೆದರೆ ಗಂಡಿನ ಶಿಶ್ನಕ್ಕೂ ಹೆಣ್ಣಿನ ಯೋನಿಗೂ ಹರಿದ ಗಾಯಗಳಾಗುತ್ತವೆ, ರಕ್ತಸ್ರಾವವಾಗುತ್ತದೆ. ಅದರಿಂದ ಗರ್ಭವಂತೂ ತಪ್ಪುವುದಿಲ್ಲ, ಏಕೆಂದರೆ ಆಗಬೇಕಾದ್ದು ಆಗಲೇ ಆಗಿಹೋಗಿರುತ್ತದೆ. ಮನೆಯ ನಾಯಿಗಳಾದರೆ ಹೆಣ್ಣು ಕುಸಿದು ಕೂರದಂತೆ, ಉರುಳದಂತೆ ಕತ್ತಿನ ಪಟ್ಟಿ ಹಿಡಿದು ಸುಮ್ಮನೆ ನಿಂತಿರುವುದಷ್ಟೇ ಒಡೆಯನ ಕೆಲಸ. ಒಪ್ಪದ ಹೆಣ್ಣನ್ನು ಬಾಯಿ ಕಟ್ಟಿ, ಕಾಲು ಹಿಡಿದು ಕೂಡಿಸುವ ಪದ್ಧತಿಯೂ ಕೆಲವೆಡೆ ಇದೆ. ಒಪ್ಪದಿರುವುದಕ್ಕೆ ದಿನ ತಪ್ಪಿರುವುದೋ, ಒಳಗೆ ನೋವಿರುವುದೋ ಕಾರಣವಾಗಿರುವುದೇ ಹೆಚ್ಚಾದ್ದರಿಂದ ಅದು ಕ್ರೌರ್ಯವೂ ಹೌದು, ಮೂರ್ಖತನವೂ ಹೌದು.

ಸಂಯೋಗದ ಮೂಲಕ ಹರಡುವ ಎರಡು ರೋಗಗಳನ್ನು ಇಲ್ಲಿಯೇ ಹೆಸರಿಸಬೇಕು. ಮೊದಲನೆಯದು ಬ್ರುಸೆಲ್ಲಾ ಬ್ಯಾಕ್ಟೀರಿಯದಿಂದ ಬರುವ ಸೋಂಕು. ಇದು ಗರ್ಭದ ಕೊನೆಯ ವಾರಗಳಲ್ಲಿ ಮರಿಗಳನ್ನು ಕಂದಿಸುತ್ತದೆ, ಗಂಡನ್ನು ಬಂಜೆಯಾಗಿಸುತ್ತದೆ, ಮನುಷ್ಯರಿಗೂ ತಗಲಬಲ್ಲದು, ಮತ್ತು ನಾಯಿಯಲ್ಲಿ ಇದನ್ನು ಪೂರ್ತಿ ಗುಣಪಡಿಸುವುದು ಬಹಳ ಕಷ್ಟ. ಎರಡನೆಯದು ಜನನಾಂಗದ ಮೇಲೆ ಹೂಕೋಸಿನ ಎಸಳಿನಂತೆ ಬೆಳೆಯುವ, ಮುಟ್ಟಿದರೆ ರಕ್ತ ಬರುವ ಗಡ್ಡೆ. ಒಂದು ನಾಯಿಯಿಂದ ಇನ್ನೊಂದಕ್ಕೆ ಕ್ಯಾನ್ಸರ್ ಕೋಶಗಳೇ ನೇರವಾಗಿ ದಾಟಿ ಬೆಳೆಯುವ ಅಪರೂಪದ ಕಾಯಿಲೆಯಿದು. ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಒಂದೇ ಒಂದು ನಾಯಿಯಲ್ಲಿ ಹುಟ್ಟಿದ ಕೋಶಗಳು ಇಂದಿಗೂ ಹೀಗೆ ನಾಯಿಯಿಂದ ನಾಯಿಗೆ ಸಾಗುತ್ತಿವೆ ಎಂಬುದನ್ನು ತಳಿವಿಜ್ಞಾನಿಗಳು ತೋರಿಸಿದ್ದಾರೆ. ಬೀದಿನಾಯಿಗಳಲ್ಲಿ ಇದು ಸಾಮಾನ್ಯ. ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದಿಗೆ ಬಹುತೇಕ ಬಗ್ಗುತ್ತದೆ. ಆದರೆ ‘ಬೆದೆಯ ರಕ್ತ ನಿಂತೇ ಇಲ್ಲ’ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದು, ಆಮೇಲೆ ಅದೇ ನಾಯಿಯನ್ನು ಇನ್ನೊಂದು ಗಂಡಿಗೆ ಕೊಡುವವರಿಂದ ರೋಗ ಬೆಳೆಯುತ್ತದೆ. ಸಂಯೋಗಕ್ಕೆ ಮುನ್ನ ಎರಡೂ ನಾಯಿಗಳನ್ನು ಪಶುವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕೆಂಬ ಮಾತಿನ ಹಿಂದಿರುವ ಕಾರಣ ಇದೇ.

ಇಷ್ಟೆಲ್ಲ ದೇಹದ ಲೆಕ್ಕವಾಯಿತು. ತಳಿಯ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಮುಧೋಳದಂಥ ಸಣ್ಣ ತಳಿಯ ಮಟ್ಟಿಗೆ ಅದೇ ನಿರ್ಣಾಯಕ. ಒಂದೇ ಸೂಲಿನ ಅಣ್ಣ-ತಂಗಿಯರನ್ನು ಅಥವಾ ತಂದೆ-ಮಗಳನ್ನು ಕೂಡಿಸಿದರೆ ಹುಟ್ಟುವ ಮರಿಯಲ್ಲಿ ಯಾವುದೇ ಒಂದು ಜೀನಿನ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ ನೂರಕ್ಕೆ 25. ಒಂದೇ ತಂದೆಯ, ಬೇರೆ ಬೇರೆ ತಾಯಿಯ ಮಕ್ಕಳನ್ನು ಕೂಡಿಸಿದರೆ 12.5; ಅಣ್ಣತಮ್ಮಂದಿರ ಮಕ್ಕಳನ್ನು ಕೂಡಿಸಿದರೆ 6.25. ಈ ಅಂಕಿಗೆ ಒಳಸಂತಾನದ ಗುಣಾಂಕ ಎಂದು ಹೆಸರು. ಪ್ರತಿಯೊಂದು ನಾಯಿಯಲ್ಲೂ ಹೊರಗೆ ಕಾಣಿಸಿಕೊಳ್ಳದ ಕೆಲವು ಕೆಟ್ಟ ಜೀನುಗಳು ಅಡಗಿರುತ್ತವೆ. ಒಂದೇ ಪ್ರತಿ ಇರುವಷ್ಟು ಕಾಲ ಅವು ತೆಪ್ಪಗಿರುತ್ತವೆ, ಎರಡು ಪ್ರತಿಗಳು ಸೇರಿದಾಗ ರೋಗವಾಗಿ ತಲೆಯೆತ್ತುತ್ತವೆ. ಗುಣಾಂಕ ಏರಿದಂತೆ ಸೂಲಿನಲ್ಲಿ ಹುಟ್ಟುವ ಮರಿಗಳ ಸಂಖ್ಯೆ ಇಳಿಯುತ್ತದೆ, ಬದುಕುಳಿಯುವವು ಕಡಿಮೆಯಾಗುತ್ತವೆ, ಆಯುಸ್ಸೂ ಕುಗ್ಗುತ್ತದೆ. ‘ರಕ್ತ ಶುದ್ಧವಾಗಿರಲಿ’ ಎಂದು ಮನೆಯೊಳಗಿನ ನಾಯಿಗಳನ್ನೇ ಮತ್ತೆ ಮತ್ತೆ ಕೂಡಿಸುವವರು ರೂಪವನ್ನೇನೋ ಒಂದೆರಡು ತಲೆಮಾರು ಹಿಡಿದಿಡುತ್ತಾರೆ, ಆದರೆ ಅದಕ್ಕೆ ತೆರುವ ಬೆಲೆ ಮೂರನೆಯ ನಾಲ್ಕನೆಯ ತಲೆಮಾರಿನಲ್ಲಿ ಗೊತ್ತಾಗುತ್ತದೆ.

ಬಲ್ಲವರೂ ಎಡವುವ ಜಾಗ ಇನ್ನೊಂದಿದೆ. ಪ್ರದರ್ಶನದಲ್ಲಿ ಗೆದ್ದ, ಓಟದಲ್ಲಿ ಹೆಸರು ಮಾಡಿದ ಒಂದು ಗಂಡಿನ ಮರಿಗಳೇ ಎಲ್ಲರಿಗೂ ಬೇಕಾಗುತ್ತವೆ. ಹೆಣ್ಣು ತನ್ನ ಜೀವಮಾನದಲ್ಲಿ ಹಾಕಬಲ್ಲದ್ದು ಕೆಲವೇ ಸೂಲು. ಗಂಡಿಗೆ ಅಂಥ ಮಿತಿಯಿಲ್ಲ, ಅದು ನೂರಾರು ಮರಿಗಳಿಗೆ ತಂದೆಯಾಗಬಹುದು. ತಳಿವಿಜ್ಞಾನದಲ್ಲಿ ಇದನ್ನು ಅಳೆಯಲು ಪರಿಣಾಮಕಾರಿ ಸಂಖ್ಯೆ ಎಂಬ ಒಂದು ಲೆಕ್ಕವಿದೆ: ಸಂತಾನಕ್ಕೆ ಬಳಕೆಯಾದ ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಬಂದದ್ದನ್ನು ಒಟ್ಟು ನಾಯಿಗಳ ಸಂಖ್ಯೆಯಿಂದ ಭಾಗಿಸಬೇಕು. ಒಂದು ಸೀಮೆಯಲ್ಲಿ 50 ಹೆಣ್ಣು, 50 ಗಂಡು ಸಂತಾನಕ್ಕೆ ಒದಗಿದರೆ ಉತ್ತರ 100. ಅದೇ ಸೀಮೆಯಲ್ಲಿ 100 ಹೆಣ್ಣುಗಳಿದ್ದು ಐದೇ ಗಂಡುಗಳನ್ನು ಎಲ್ಲರೂ ಬಳಸಿದರೆ ಉತ್ತರ 19. ಕಣ್ಣಿಗೆ ಕಾಣುವುದು 105 ನಾಯಿ. ವೈವಿಧ್ಯದ ದೃಷ್ಟಿಯಿಂದ ಅಲ್ಲಿರುವುದು 19 ನಾಯಿಗಳಷ್ಟೇ ಬಂಡವಾಳ. ಆ ಐದರಲ್ಲಿ ಒಂದು ಗಂಡು ಕೆಟ್ಟ ಜೀನೊಂದನ್ನು ಹೊತ್ತಿದ್ದರೆ ಮುಂದಿನ ತಲೆಮಾರಿನ ಐದರಲ್ಲೊಂದು ಪಾಲು ಮರಿಗಳು ಆ ಗಂಡಿನ ಮಕ್ಕಳೇ ಆಗಿರುತ್ತವೆ, ಅವುಗಳಲ್ಲಿ ಅರ್ಧದಷ್ಟು ಆ ಜೀನನ್ನು ಪಡೆದಿರುತ್ತವೆ, ಮತ್ತು ಅವೇ ಪರಸ್ಪರ ಕೂಡುವ ಕಾಲ ಬಂದಾಗ ಊರಿಗೆ ಊರೇ ‘ಇದೇಕೋ ಈಚೆಗೆ ಮರಿಗಳು ಉಳಿಯುತ್ತಿಲ್ಲ’ ಎಂದು ಅಚ್ಚರಿಪಡುತ್ತದೆ. ಮುಧೋಳ ಸೀಮೆಯ ಸಾಕಣೆದಾರರು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಹೆಚ್ಚು ಗಂಡುಗಳಿಗೆ ಅವಕಾಶ ಕೊಡುವುದು, ಒಂದೊಂದು ಗಂಡಿಗೆ ಇಷ್ಟೇ ಸೂಲು ಎಂದು ಮಿತಿ ಹಾಕಿಕೊಳ್ಳುವುದು, ಪ್ರತಿ ಮರಿಯ ತಂದೆತಾಯಿ, ಅಜ್ಜ ಅಜ್ಜಿಯರ ಹೆಸರನ್ನು ಬರೆದಿಡುವುದು ಖರ್ಚಿಲ್ಲದ ಕೆಲಸಗಳು. ಆದರೂ ಪ್ರದರ್ಶನದ ಪದಕಕ್ಕೆ ಸಿಗುವ ಗೌರವದಲ್ಲಿ ಕಾಲುಭಾಗವೂ ವಂಶಾವಳಿಯ ಪುಸ್ತಕಕ್ಕೆ ಸಿಗುತ್ತಿಲ್ಲ.

ವಂಶಾವಳಿಯ ಪುಸ್ತಕವನ್ನು ಬಿಗಿಯಾಗಿ ಮುಚ್ಚಿಟ್ಟರೂ ಅಪಾಯವೇ ಎಂಬುದಕ್ಕೆ ಮೈಮೇಲೆ ಕಪ್ಪು ಚುಕ್ಕೆಗಳಿರುವ ಡಾಲ್ಮೇಷಿಯನ್ ನಾಯಿಯ ಕಥೆ ನಿದರ್ಶನ. ಚುಕ್ಕೆ ಸ್ಪಷ್ಟವಾಗಿರಬೇಕೆಂಬ ಹಟದಲ್ಲಿ ಆಯ್ಕೆ ನಡೆಸುತ್ತ ನಡೆಸುತ್ತ ಇಡೀ ತಳಿಯೇ ಯೂರಿಕ್ ಆಮ್ಲವನ್ನು ಸರಿಯಾಗಿ ಕರಗಿಸಲಾರದ ಒಂದು ಜೀನ್ ದೋಷಕ್ಕೆ ಸಿಕ್ಕಿ, ಮೂತ್ರದಲ್ಲಿ ಕಲ್ಲು ಕಟ್ಟುವುದು ಆ ತಳಿಯ ಹುಟ್ಟುಗುಣವಾಯಿತು. ತಳಿಯೊಳಗೆ ಎಲ್ಲಿಯೂ ಸರಿಯಾದ ಜೀನ್ ಉಳಿದಿರಲಿಲ್ಲವಾದ್ದರಿಂದ, 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದು ಡಾಲ್ಮೇಷಿಯನ್ನನ್ನು ಪಾಯಿಂಟರ್ ತಳಿಯ ನಾಯಿಯೊಡನೆ ಒಮ್ಮೆ ಮಾತ್ರ ಕೂಡಿಸಿ, ಆ ಮರಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಡಾಲ್ಮೇಷಿಯನ್‌ಗಳೊಡನೆಯೇ ಕೂಡಿಸುತ್ತ ಸರಿಯಾದ ಜೀನನ್ನು ಮರಳಿ ತಂದರು. ನೋಡುವುದಕ್ಕೆ ಆ ಸಂತಾನ ಡಾಲ್ಮೇಷಿಯನ್ನೇ, ಕಲ್ಲಿನ ಕಾಟ ಮಾತ್ರ ಇಲ್ಲ. ಅಮೆರಿಕದ ಕೆನಲ್ ಕ್ಲಬ್ ಅವನ್ನು ತಳಿಯ ಪುಸ್ತಕಕ್ಕೆ ಸೇರಿಸಿಕೊಂಡದ್ದು 2011ರಲ್ಲಿ. ಸುಮಾರು ನಾಲ್ಕು ದಶಕಗಳ ಕಾಲ ತಡೆದು ನಿಂತದ್ದು ಶುದ್ಧರಕ್ತದ ವ್ಯಾಮೋಹ. ಇದನ್ನು ಹೇಳುವಾಗ ಮುಧೋಳದ ಹೆಣ್ಣನ್ನು ಗ್ರೇಹೌಂಡಿಗೆ ಗುಟ್ಟಾಗಿ ಕೂಡಿಸಿ, ಹುಟ್ಟಿದ್ದನ್ನು ಅಪ್ಪಟ ಮುಧೋಳವೆಂದು ಮಾರುವುದನ್ನು ಸಮರ್ಥಿಸಿದಂತಾಗಬಾರದು. ಲೆಕ್ಕ ಬರೆದಿಟ್ಟು, ಒಂದು ಉದ್ದೇಶಕ್ಕಾಗಿ, ತಜ್ಞರ ಕಣ್ಗಾವಲಿನಲ್ಲಿ ಮಾಡುವ ಹೊರತಳಿ ಸೇರ್ಪಡೆ ಬೇರೆ. ಎರಡು ಅಂಗುಲ ಎತ್ತರಕ್ಕಾಗಿ, ಒಂದಿಷ್ಟು ವೇಗಕ್ಕಾಗಿ ಮಾಡುವ ಕಲಬೆರಕೆ ಬೇರೆ.

ರೂಪದ ಹಟ ಎಲ್ಲಿಗೆ ಮುಟ್ಟಬಹುದೆಂಬುದನ್ನು ನಗರಗಳಲ್ಲಿ ಈಗ ಜನಪ್ರಿಯವಾಗಿರುವ ಮೊಂಡುಮೂಗಿನ ನಾಯಿಗಳಲ್ಲಿ ಕಾಣಬಹುದು. ಬುಲ್‌ಡಾಗ್ ಮತ್ತು ಫ್ರೆಂಚ್ ಬುಲ್‌ಡಾಗ್‌ಗಳಲ್ಲಿ ಮರಿಯ ತಲೆ ದೊಡ್ಡದು, ತಾಯಿಯ ಸೊಂಟದ ಎಲುಬಿನ ದಾರಿ ಕಿರಿದು. ಬ್ರಿಟನ್ನಿನಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಇವುಗಳ ನೂರು ಸೂಲುಗಳಲ್ಲಿ ಎಂಬತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಯಿಂದಲೇ ಆಗಿದ್ದವು. ತಾನಾಗಿ ಈಯಲಾರದ ಪ್ರಾಣಿಯನ್ನು ಮನುಷ್ಯ ಬೇಕೆಂದೇ ಸೃಷ್ಟಿಸಿಟ್ಟಿದ್ದಾನೆ. ಮುಧೋಳದ ನಾಯಿ ಈ ವಿಷಯದಲ್ಲಿ ಅದೃಷ್ಟಶಾಲಿ. ಓಡಬೇಕಾದ ಮೈ ಅದರದ್ದಾದ್ದರಿಂದ ಅದರ ರೂಪವನ್ನು ಕೆಲಸವೇ ತಿದ್ದಿದೆ. ಆದರೆ ಒಂದು ಎಚ್ಚರ ಬೇಕು. ಮೈಯಲ್ಲಿ ಕೊಬ್ಬು ಕಡಿಮೆಯಿರುವ ನೋಟದ ಬೇಟೆನಾಯಿಗಳು ಥಯೊಪೆಂಟೋನ್‌ನಂಥ ಹಳೆಯ ಅರಿವಳಿಕೆ ಮದ್ದುಗಳಿಂದ ಬೇಗ ಎಚ್ಚರಗೊಳ್ಳುವುದಿಲ್ಲ. ಹೆರಿಗೆ ಕಷ್ಟವಾಗಿ ಶಸ್ತ್ರಚಿಕಿತ್ಸೆಗೆ ಒಯ್ದಾಗ ನಾಯಿ ಯಾವ ತಳಿಯದೆಂದು ವೈದ್ಯರಿಗೆ ಮೊದಲೇ ಹೇಳಬೇಕು.

ಗರ್ಭದ ಅವಧಿ ಅಂಡ ಹೊರಬಿದ್ದ ದಿನದಿಂದ ಎಣಿಸಿದರೆ 63 ದಿನ, ಒಂದು ದಿನ ಹೆಚ್ಚುಕಡಿಮೆ. ಕೂಡಿಸಿದ ದಿನದಿಂದ ಎಣಿಸಿದರೆ 57ರಿಂದ 72ರವರೆಗೂ ಹೋಗಬಹುದು. 25ನೆಯ ದಿನದ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಮರಿಗಳ ಹೃದಯಬಡಿತ ಕಾಣುತ್ತದೆ. ಎಷ್ಟು ಮರಿ ಎಂದು ನಿಖರವಾಗಿ ತಿಳಿಯಲು ಎಲುಬು ಗಟ್ಟಿಯಾಗುವ 55ನೆಯ ದಿನದ ನಂತರದ ಎಕ್ಸ್-ರೇ ಬೇಕು. ಗಬ್ಬವಾಯಿತೆಂದು ಗೊತ್ತಾದ ದಿನದಿಂದಲೇ ಎರಡರಷ್ಟು ತಿನ್ನಿಸತೊಡಗುವುದು ಪ್ರೀತಿಯಿಂದ ಮಾಡುವ ತಪ್ಪು. ಮರಿಗಳು ನಿಜವಾಗಿ ಬೆಳೆಯುವುದು ಕೊನೆಯ ಮೂರು ನಾಲ್ಕು ವಾರಗಳಲ್ಲಿ. ಆಗ ಆಹಾರವನ್ನು ಕಾಲುಭಾಗದಿಂದ ಅರ್ಧದವರೆಗೆ ಹೆಚ್ಚಿಸಿದರೆ ಸಾಕು, ಹಾಲೂಡಿಸುವ ಮೂರನೆಯ ವಾರದ ಹೊತ್ತಿಗೆ ಎರಡು ಮೂರು ಪಟ್ಟು ಬೇಕಾಗುತ್ತದೆ. ರೊಟ್ಟಿ-ಹಾಲನ್ನೇ ನೆಚ್ಚಿಕೊಂಡ ಮನೆಗಳಲ್ಲಿ ಈ ಕಾಲಕ್ಕಾದರೂ ಮೊಟ್ಟೆ, ಮಾಂಸ ಸೇರಬೇಕು. ಇದಕ್ಕಿಂತ ದೊಡ್ಡ ತಪ್ಪು ಬಸುರಿ ನಾಯಿಗೆ ಕ್ಯಾಲ್ಸಿಯಂ ಟಾನಿಕ್ಕನ್ನು ಬಾಟಲಿಗಟ್ಟಲೆ ಕುಡಿಸುವುದು. ಹೊರಗಿನಿಂದ ಧಾರಾಳವಾಗಿ ಸಿಗುತ್ತಿರುವಾಗ ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳುವ ಗ್ರಂಥಿ ಸೋಮಾರಿಯಾಗುತ್ತದೆ. ಈದ ಮೇಲೆ ಹಾಲಿಗಾಗಿ ದಿಢೀರನೆ ಹೆಚ್ಚು ಬೇಕಾದಾಗ ಅದು ಒದಗಿಸಲಾರದೆ ನಾಯಿಗೆ ನಡುಕ, ಏದುಸಿರು, ಸೆಟೆತ, ಕೊನೆಗೆ ಸಾವೂ ಬರಬಹುದು. ಹಾಲೂಡಿಸುವ ನಾಯಿ ತತ್ತರಿಸಿ ನಡೆಯುತ್ತಿದ್ದರೆ ಬೆಳಗಾಗುವವರೆಗೆ ಕಾಯುವಂತಿಲ್ಲ.

ಈಯುವ ದಿನ ಸಮೀಪಿಸಿದಾಗ ಗುದದ್ವಾರದಲ್ಲಿ ದಿನಕ್ಕೆರಡು ಸಲ ಉಷ್ಣಾಂಶ ನೋಡುತ್ತಿದ್ದರೆ 99 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿದದ್ದು ತಿಳಿಯುತ್ತದೆ. ಸಾಮಾನ್ಯವಾಗಿ ಅಲ್ಲಿಂದ ಒಂದು ದಿನದೊಳಗೆ ಹೆರಿಗೆ ಶುರುವಾಗುತ್ತದೆ. ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಇನ್ನೂ ಮರಿಗಳಿದ್ದು ಎರಡು ಗಂಟೆ ಕಳೆದರೂ ಮುಂದಿನದು ಬಾರದಿದ್ದರೆ, ಅಥವಾ ಮೊದಲ ಮರಿಗೆ ಮುಂಚೆಯೇ ಹಸಿರು ಸ್ರಾವ ಕಂಡರೆ ವೈದ್ಯರ ಬಳಿಗೆ ಹೊರಡಬೇಕು. ಹಸಿರು ಸ್ರಾವವೆಂದರೆ ಒಳಗೆ ಮಾಸು ಬಿಟ್ಟುಕೊಂಡಿದೆ ಎಂದರ್ಥ. ಹುಟ್ಟಿದ ಮರಿಗೆ ಮೊದಲೆರಡು ವಾರ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ, ಗಿಣ್ಣುಹಾಲಿನ ರಕ್ಷಣೆ ಮೊದಲ ದಿನದಲ್ಲೇ ಸಿಗಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿ ಮರಿಯನ್ನೂ ದಿನವೂ ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡುವುದಕ್ಕಿಂತ ಒಳ್ಳೆಯ ರೋಗಪತ್ತೆ ಇನ್ನೊಂದಿಲ್ಲ. ಆರೋಗ್ಯವಂತ ಮರಿಯ ತೂಕ ಹತ್ತು ದಿನಗಳೊಳಗೆ ಎರಡರಷ್ಟಾಗುತ್ತದೆ, ಕಾಯಿಲೆ ಬೀಳುವ ಮರಿಯ ತೂಕ ಬೇರೆ ಯಾವ ಲಕ್ಷಣವೂ ಕಾಣುವ ಮೊದಲೇ ನಿಂತುಬಿಡುತ್ತದೆ. ಎರಡನೆಯ ವಾರದಿಂದ ಜಂತುಹುಳದ ಔಷಧ, ಆರರಿಂದ ಎಂಟು ವಾರಗಳ ನಡುವೆ ಮೊದಲ ಲಸಿಕೆ. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿ ಮನುಷ್ಯರನ್ನೂ ಉಳಿದ ನಾಯಿಗಳನ್ನೂ ಅರಿಯುವ ಕಾಲ; ನಾಲ್ಕನೆಯ ವಾರದಲ್ಲೇ ತಾಯಿಯಿಂದ ಬಿಡಿಸಿ ಮಾರಿದ ಮರಿ ಕಚ್ಚುವ ಬಲಕ್ಕೆ ಮಿತಿ ಹಾಕಿಕೊಳ್ಳುವುದನ್ನು ಒಡಹುಟ್ಟಿದವುಗಳಿಂದ ಕಲಿಯದೆಯೇ ಬೆಳೆಯುತ್ತದೆ.

‘ಹೆಣ್ಣು ನಾಯಿ ಒಮ್ಮೆಯಾದರೂ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು’ ಎಂಬ ನಂಬಿಕೆ ನಗರದ ಸುಶಿಕ್ಷಿತರಲ್ಲೂ ಇದೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ನಿಜವಾದ ಅಪಾಯ ಇರುವುದು ಗರ್ಭಕೋಶದಲ್ಲಿ ಕೀವು ತುಂಬುವ ರೋಗದಲ್ಲಿ. ಅದು ಬೆದೆ ಮುಗಿದ ನಾಲ್ಕರಿಂದ ಎಂಟು ವಾರಗಳಲ್ಲಿ, ವಯಸ್ಸಾದ ಹೆಣ್ಣುಗಳಲ್ಲಿ ಹೆಚ್ಚಾಗಿ ಬರುತ್ತದೆ, ಒಂದು ಸೂಲು ಹಾಕಿಸಿದ ಮಾತ್ರಕ್ಕೆ ತಪ್ಪುವುದಿಲ್ಲ. ಸಂತಾನಕ್ಕೆ ಬಳಸದ ಹೆಣ್ಣಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೇ ಅದಕ್ಕೆ ಖಚಿತ ಪರಿಹಾರ. ಅನಪೇಕ್ಷಿತವಾಗಿ ಕೂಡಿಕೊಂಡಾಗ ಗರ್ಭ ಇಳಿಸಲೆಂದು ಔಷಧದಂಗಡಿಯಿಂದ ಹಾರ್ಮೋನ್ ತಂದು ಚುಚ್ಚಿಸುವುದರಿಂದಲೂ ಇದೇ ಕೀವಿನ ರೋಗ, ಕೆಲವೊಮ್ಮೆ ಎಲುಬಿನ ಮಜ್ಜೆಯ ನಾಶವೂ ಸಂಭವಿಸುತ್ತದೆ. ಒಂದೇ ಬೆದೆಯಲ್ಲಿ ಹೆಣ್ಣು ಹಲವು ಗಂಡುಗಳನ್ನು ಸೇರಿ, ಒಂದೇ ಸೂಲಿನಲ್ಲಿ ಬೇರೆ ಬೇರೆ ತಂದೆಯರ ಮರಿಗಳನ್ನು ಹಾಕಬಲ್ಲದು. ಆದ್ದರಿಂದ ಗೊತ್ತುಪಡಿಸಿದ ಗಂಡಿನ ಜೊತೆ ಕೂಡಿಸಿ ಆಯಿತೆಂದು ಮಾರನೆಯ ದಿನವೇ ನಾಯಿಯನ್ನು ಬೀದಿಗೆ ಬಿಟ್ಟರೆ ವಂಶಾವಳಿಯಲ್ಲಿ ಬರೆದ ತಂದೆಯ ಹೆಸರಿಗೆ ಅರ್ಥವಿರುವುದಿಲ್ಲ.

ಈ ಎಲ್ಲದಕ್ಕೂ ಕಾನೂನಿನ ಚೌಕಟ್ಟೊಂದಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ, ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು ಕೂಡಿಸಬಾರದು, ಎಂಟು ವರ್ಷದ ನಂತರವೂ ಕೂಡಿಸಬಾರದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಹಾಕಿಸುವಂತಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿಗೆ ಮೈಕ್ರೋಚಿಪ್ ಹಾಕಿಸಿ ದಾಖಲೆ ಇಡಬೇಕು. ಹೆಣ್ಣು ಮೊದಲ ಬೆದೆಗೆ ಬಂದಾಗಲೇ ಕೂಡಿಸಬಾರದೆಂಬ, ಒಂದು ಸೂಲಿನಿಂದ ಮತ್ತೊಂದಕ್ಕೆ ಮೈ ಸುಧಾರಿಸಿಕೊಳ್ಳಲು ಬಿಡುವು ಕೊಡಬೇಕೆಂಬ ಪಶುವೈದ್ಯರ ಹಳೆಯ ಸಲಹೆಯನ್ನೇ ನಿಯಮ ಅಂಕಿಗಳಲ್ಲಿ ಬರೆದಿದೆ. ನಿಯಮ ಚೆನ್ನಾಗಿದೆ, ಆದರೆ ಮೊಬೈಲಿನ ಜಾಹೀರಾತಿನಲ್ಲಿ ಬಸ್‌ಸ್ಟ್ಯಾಂಡಿಗೇ ಮರಿ ತಲುಪಿಸುವ ವ್ಯಾಪಾರವನ್ನು ಅದು ಇನ್ನೂ ಮುಟ್ಟಿಲ್ಲ.

ಹೀಗಾಗಿ ಸದ್ಯಕ್ಕೆ ಹೆಚ್ಚಿನ ಅಧಿಕಾರ ಇರುವುದು ಕೊಳ್ಳುವವರ ಕೈಯಲ್ಲಿಯೇ. ಮುಧೋಳದ ಮರಿ ಬೇಕೆನ್ನುವವರು ಮೊದಲು ಅಟ್ಟಿಸಿಕೊಂಡು ಓಡುವ ಸ್ವಭಾವದ ಈ ನಾಯಿಗೆ ಫ್ಲ್ಯಾಟಿನ ಬಾಲ್ಕನಿ ಸಾಲದೆಂಬುದನ್ನು ಒಪ್ಪಿಕೊಳ್ಳಲಿ. ಆಮೇಲೆ ಸಾಕಣೆದಾರರ ಮನೆಗೇ ಹೋಗಿ ಮರಿಯ ತಾಯಿಯನ್ನು ಕಣ್ಣಾರೆ ನೋಡಲಿ, ಅದರ ವಯಸ್ಸು ಕೇಳಲಿ, ಇದು ಎಷ್ಟನೆಯ ಸೂಲು, ಹಿಂದಿನದು ಯಾವಾಗ ಆಯಿತು, ತಂದೆ ಯಾರ ಮನೆಯದು, ತಂದೆತಾಯಿಗಳ ನಡುವೆ ರಕ್ತಸಂಬಂಧವಿದೆಯೇ, ನೋಂದಣಿ ಪತ್ರ ಮತ್ತು ಲಸಿಕೆಯ ಕಾರ್ಡ್ ಎಲ್ಲಿ ಎಂದು ವಿಚಾರಿಸಲಿ. ಈ ಪ್ರಶ್ನೆಗಳಿಗೆ ಬೇಸರಿಸಿಕೊಳ್ಳದೆ ಉತ್ತರಿಸಿ, ತಿರುಗಿ ತಾವೂ ನಾಲ್ಕು ಪ್ರಶ್ನೆ ಕೇಳುವ ಸಾಕಣೆದಾರರು ಆ ಸೀಮೆಯಲ್ಲಿ ಇದ್ದಾರೆ; ಬೆಲೆ ಸ್ವಲ್ಪ ಹೆಚ್ಚಾದರೂ ಅವರಲ್ಲಿಯೇ ಕೊಳ್ಳಬೇಕು. ತಾಯಿಯನ್ನು ತೋರಿಸಲು ಒಪ್ಪದವರಿಂದ, ಮರಿ ಎಷ್ಟೇ ಮುದ್ದಾಗಿರಲಿ, ಕೊಳ್ಳಬಾರದು.